ಲಂಟಾನ ಯಾವ ಜಾತಿ?

ಕನ್ನಡದಲ್ಲಿ ಮರಕ್ಕೂ ಜಾತಿ ಉಂಟು, ಮನುಷ್ಯನಿಗೂ ಜಾತಿ ಉಂಟು. ಹಕ್ಕಿಯ ಜಾತಿ, ಭತ್ತದ ಜಾತಿ, ದನದ ಜಾತಿ ಅಂತ ದಿನಾ ಮಾತಾಡುತ್ತೇವೆ. ಆ ಮಾತಿನಲ್ಲಿ ವಿಷವೇನಿಲ್ಲ. ಅದೇ ಪದವನ್ನು ಮನುಷ್ಯನ ಬೆನ್ನಿಗೆ ಕಟ್ಟಿ, ಇವನು ಇಲ್ಲಿ ನಿಲ್ಲಬಹುದು, ಅಲ್ಲಿ ನಿಲ್ಲಬಾರದು ಎಂದು ಗೆರೆ ಎಳೆದಾಗ ವಿಷವಾಗುತ್ತದೆ. ಈಗ ಗೆರೆ ಎಳೆಯುವ ಇನ್ನೊಂದು ಪದ ಕಾಡಿನ ಕಡೆಯಿಂದ ಬಂದಿದೆ: ‘ಆಕ್ರಮಣಕಾರಿ ಅನ್ಯ ಪ್ರಭೇದ’. ಲಂಟಾನ ಅನ್ಯ, ಕಾಂಗ್ರೆಸ್ ಹುಲ್ಲು ಅನ್ಯ, ಬಳ್ಳಾರಿ ಜಾಲಿ ಅನ್ಯ. ಹೊರಗಿನಿಂದ ಬಂದವು, ಕೀಳಬೇಕಾದವು.

ಹುಟ್ಟಿನಿಂದ ಯಾರನ್ನೂ ಅಳೆಯಬೇಡಿ ಎಂದು ಬೀದಿಯಲ್ಲಿ ಗಂಟಲು ಹರಿದುಕೊಂಡ ನಾವು, ಒಂದು ಗಿಡವನ್ನು ಅದು ಹುಟ್ಟಿದ ದೇಶ ಕೇಳಿ ಕೀಳಲು ಒಪ್ಪಬಹುದೆ? ಹುಡುಗಾಟದ ಪ್ರಶ್ನೆ ಅಂತ ಕೆಲವು ಗೆಳೆಯರು ನಗುತ್ತಾರೆ. ನಗಲಿ. ಇದಕ್ಕೆ ಕೊಡುವ ಉತ್ತರಕ್ಕೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನ್ನಕ್ಕೂ ಸಂಬಂಧವಿದೆ. ಅದಕ್ಕಾಗಿಯೇ ಕೇಳುತ್ತಿದ್ದೇವೆ.

ಮೊದಲು ಹುಟ್ಟಿನ ವಾದವನ್ನೇ ನಮ್ಮ ತಣಿಗೆಯಲ್ಲಿಟ್ಟು ನೋಡೋಣ. ರಾಗಿ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಸಾರಿಗೆ ಹಾಕುವ ಹುಣಸೆಯ ಬೇರೂ ಆಫ್ರಿಕದಲ್ಲೇ ಇದೆ. ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ, ಮುಸುಕಿನ ಜೋಳ ಎಲ್ಲವೂ ಅಮೆರಿಕ ಖಂಡದವು. ಯೂರೋಪಿನವರ ಹಡಗುಗಳ ದೆಸೆಯಿಂದ ಈ ಕಡೆ ಬಂದವು. ಲಂಟಾನವೂ ಅದೇ ಖಂಡದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಚೆಂದಕ್ಕಾಗಿ ಅದನ್ನು ಕಲ್ಕತ್ತೆಯ ತೋಟಕ್ಕೆ ತಂದರು. ಬಂಗಲೆಯ ಬೇಲಿಯಿಂದ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಊರೂರಿಗೆ, ಕಾಡುಕಾಡಿಗೆ ಉದುರಿಸಿದವು. ಮೆಣಸಿನಕಾಯಿಯೂ ಲಂಟಾನವೂ ಒಂದೇ ಖಂಡದ ಮಕ್ಕಳು. ಒಂದನ್ನು ಅಡುಗೆಮನೆಗೆ ಕರೆದು ಇನ್ನೊಂದಕ್ಕೆ ಮಚ್ಚು ಹಿಡಿಯುತ್ತೇವೆಂದರೆ, ನಮ್ಮ ಅಳತೆಗೋಲು ಹುಟ್ಟಲ್ಲ ಅಂತಾಯಿತು. ಶಾಲೆಯಲ್ಲಿ ಪರಿಸರದ ಪಾಠ ಮಾಡುವ ಮೇಷ್ಟ್ರುಗಳು ಇದನ್ನೊಮ್ಮೆ ಮಕ್ಕಳಿಗೆ ಹೇಳಬೇಕು. ‘ನಮ್ಮದು ಒಳ್ಳೆಯದು, ಹೊರಗಿನದು ಕೆಟ್ಟದ್ದು’ ಎಂದು ಗಿಡದ ವಿಚಾರದಲ್ಲಿ ಕಲಿತ ಮಗು ನಾಳೆ ಅದನ್ನು ಎಲ್ಲಿ ಬಳಸುತ್ತದೋ ಯಾರಿಗೆ ಗೊತ್ತು?

ಹಾಗಾದರೆ ಅಳತೆ ಯಾವುದು? ಅದು ಏನು ಮಾಡುತ್ತದೆ, ಯಾರಿಗೆ ಮಾಡುತ್ತದೆ, ಅದನ್ನು ತಂದವನು ಯಾರು, ಅದರ ಭಾರ ಹೊರುವವನು ಯಾರು? ಬಯಲುಸೀಮೆಯ ಬಳ್ಳಾರಿ ಜಾಲಿಯನ್ನೇ ನೋಡಿ. ಗೋಮಾಳ ನುಂಗಿತು, ಕೆರೆಯಂಗಳ ನುಂಗಿತು; ದೂರು ಸುಳ್ಳಲ್ಲ. ಆದರೆ ಒಂದು ಗುಂಟೆ ಜಮೀನಿಲ್ಲದವರ ಒಲೆ ಉರಿಯುವುದು ಅದರ ಸೌದೆಯಿಂದ. ಅದನ್ನು ಸುಟ್ಟು ಇದ್ದಿಲು ಮಾಡಿ ಮಾರಿ ಬದುಕಿದವರಿದ್ದಾರೆ. ಆಡುಗಳು ಅದರ ಕಾಯಿ ತಿನ್ನುತ್ತವೆ, ತಿಂದು ಬೀಜವನ್ನೂ ಹರಡುತ್ತವೆ. ಜಮೀನುಳ್ಳವನಿಗೆ ಕಳೆ, ಇಲ್ಲದವಳಿಗೆ ಸೌದೆ. ಬುಡಸಮೇತ ಕೀಳಿಸಿ ಅಂತ ಠರಾವು ಮಾಡುವವರು ಆ ಹೆಂಗಸಿನ ಒಲೆಗೆ ಏನು ಕೊಡುತ್ತೀರಿ ಅಂತಲೂ ಅದೇ ಠರಾವಿನಲ್ಲಿ ಬರೆಯಬೇಕು.

ನೀಲಗಿರಿಯದು ಬೇರೆ ಕಥೆ. ಅದು ತಾನಾಗಿ ಹಬ್ಬಲಿಲ್ಲ, ಸಾಲ ತಂದು ನೆಟ್ಟದ್ದು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಹಣದಲ್ಲಿ ‘ಸಾಮಾಜಿಕ ಅರಣ್ಯ’ ಎಂಬ ಹೆಸರಿನಡಿ ಅದು ಹಳ್ಳಿಗಳಿಗೆ ಬಂತು. ಕೋಲಾರದ ಕಡೆ ರಾಗಿ ಬೆಳೆಯುವ ಹೊಲಗಳು ನೀಲಗಿರಿ ತೋಪಾದವು. ತೋಪಿಗೆ ಕಳೆ ಕೀಳುವವರು ಬೇಡ, ಕೊಯ್ಲಿನವರು ಬೇಡ. ಕೇರಿಯ ಕೂಲಿ ಹೋಯಿತು, ಹಾಳೆ ಮಾಡುವ ಕಾರ್ಖಾನೆಗೆ ಮರ ಹೋಯಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಸಸಿ ಕಿತ್ತರು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ನಡೆಯಿತು. ಅಲ್ಲಿ ಜನ ಕಿತ್ತದ್ದು ಆಸ್ಟ್ರೇಲಿಯದ ಮರವನ್ನು ಅಂತ ಯಾರಾದರೂ ತಿಳಿದರೆ ಅವರಿಗೆ ಏನೂ ಅರ್ಥವಾಗಿಲ್ಲ. ಊರೊಟ್ಟಿನ ನೆಲವನ್ನು ಕಂಪನಿಗೆ ಕೊಟ್ಟ ಕಾಗದವನ್ನು ಅವರು ಕಿತ್ತರು.

ಈಗ ಬೆಟ್ಟಕ್ಕೆ ಬರೋಣ. ಬಿಳಿಗಿರಿರಂಗನ ಬೆಟ್ಟ ಚಾಮರಾಜನಗರ ಜಿಲ್ಲೆಯಲ್ಲಿದೆ. ಆನೆ, ಕಾಟಿ, ಹುಲಿ, ಕರಡಿಗಳ ಜೊತೆ ಸೋಲಿಗರು ಅಲ್ಲಿ ಬಾಳಿದ್ದಾರೆ. ಗುಡಿಯ ರಂಗಸ್ವಾಮಿ ಅವರಿಗೆ ಭಾವ. ತಮ್ಮ ಹುಡುಗಿಯನ್ನು ಮದುವೆಯಾದವನು. ಹುಲಿಯೂ ಅವರಲ್ಲಿ ಪೂಜೆಗೆ ಸಲ್ಲುತ್ತದೆ. ವರ್ಷಕ್ಕೊಮ್ಮೆ, ಬೇಸಗೆ ಬಲಿಯುವ ಮೊದಲೇ ಅವರು ನೆಲಕ್ಕೆ ಬಿದ್ದ ಒಣ ತರಗಿಗೆ ಬೆಂಕಿ ಕೊಡುತ್ತಿದ್ದರು. ತರಗುಬೆಂಕಿ ಎನ್ನುತ್ತಾರೆ ಅದಕ್ಕೆ. ಮೊಳಕಾಲಿಗೂ ಬಾರದ ಉರಿ. ದಾರಿ ತೆರವಾಗುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು, ನೆಲ್ಲಿಮರದ ಮೇಲೆ ಕೂರುವ ಬದನಿಕೆ ಹತೋಟಿಯಲ್ಲಿರುತ್ತಿತ್ತು, ಲಂಟಾನದ ಎಳೆಗಿಡ ಸಾಯುತ್ತಿತ್ತು ಎಂಬುದು ಅವರ ಹಿರಿಯರ ಮಾತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಒಳಗಾಡಿನ ಪೋಡುಗಳನ್ನು ಎಬ್ಬಿಸಿದರು. ಬೇಟೆ ನಿಂತಿತು, ನಿಲ್ಲಲಿ ಅನ್ನೋಣ. ಜಾಗ ಬದಲಿಸಿ ಮಾಡುತ್ತಿದ್ದ ಬೇಸಾಯ ನಿಂತಿತು, ಬೆಂಕಿ ಅಪರಾಧವಾಯಿತು. ಸಾವಿರ ವರ್ಷ ಕಾಡು ಸುಡದೆ ಬೆಂಕಿ ಆಡಿಸಿದವನು ಒಂದೇ ಹುಕುಮಿಗೆ ‘ಕಾಡಿಗೆ ಬೆಂಕಿ ಇಡುವವನು’ ಆದ. 2000ದ ದಶಕದಲ್ಲಿ ಜೇನು, ನೆಲ್ಲಿ, ಪಾಸೆ ತಂದು ಮಾರುವುದಕ್ಕೂ ತಡೆ ಬಿತ್ತು.

ಇತ್ತ ಲಂಟಾನಕ್ಕೆ ಯಾರ ತಡೆಯೂ ಇರಲಿಲ್ಲ. ಸಂಶೋಧಕರು ಬೆಟ್ಟದಲ್ಲಿ ಗುರುತು ಮಾಡಿಟ್ಟ ತುಂಡುನೆಲಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ನೂರಕ್ಕೆ 81ರಲ್ಲಿ. ಇದಕ್ಕೆಲ್ಲ ಬೆಂಕಿ ನಿಲ್ಲಿಸಿದ್ದೊಂದೇ ಕಾರಣವೆಂದು ಎಲ್ಲ ವಿಜ್ಞಾನಿಗಳೂ ಒಪ್ಪುವುದಿಲ್ಲ. ಮಳೆ, ಮೇವು, ಹಿಂದಿನ ಕಡಿತ ಇವನ್ನೂ ಲೆಕ್ಕ ಹಿಡಿಯಬೇಕೆನ್ನುತ್ತಾರೆ. ಹಿಡಿಯಲಿ. ಸೋಲಿಗರನ್ನು ಕೇಳದೆಯೇ ಬೆಂಕಿ ನಿಲ್ಲಿಸಿದರಲ್ಲ, ಆಗ ಯಾರು ಯಾವ ಲೆಕ್ಕ ಹಿಡಿದಿದ್ದರು?

ಲಂಟಾನ ಆಳೆತ್ತರ ಮೀರಿ ಬೆಳೆದು ಹೆಣೆದುಕೊಂಡರೆ ಕೆಳಗೆ ಹುಲ್ಲಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆಗೆ ಮೇವಿಲ್ಲ, ಕಾಟಿಗೆ ಮೇವಿಲ್ಲ. ಗೆಡ್ಡೆಗೆಣಸು ಅಗೆಯಲು ಹೋದ ಹೆಂಗಸಿಗೆ ದಾರಿಯಿಲ್ಲ. ಮೊದಲು ಮರಗಳ ನಡುವೆ ಬಹಳ ದೂರ ಕಣ್ಣು ಹಾಯುತ್ತಿತ್ತು, ಆನೆ ನಿಂತಿದ್ದರೆ ಕಾಣುತ್ತಿತ್ತು, ಸುತ್ತು ಹಾಕಿ ಹೋಗಬಹುದಿತ್ತು. ಈಗ ನಾಲ್ಕು ಮಾರು ಮುಂದೆ ಏನಿದೆಯೋ ತಿಳಿಯದು. ಪೊದೆಯ ಆ ಮಗ್ಗುಲಲ್ಲಿ ಕರಡಿ, ಈ ಮಗ್ಗುಲಲ್ಲಿ ಮನುಷ್ಯ. ಇಬ್ಬರಿಗೂ ಒಬ್ಬರಿಗೊಬ್ಬರು ಕಾಣರು. ಇದನ್ನು ಪತ್ರಿಕೆಗಳು ‘ಮಾನವ-ವನ್ಯಜೀವಿ ಸಂಘರ್ಷ’ ಅನ್ನುತ್ತವೆ. ಆ ಇಬ್ಬರಿಗೂ ಮೊದಲು ಇಂಥ ಸಂಘರ್ಷ ಇರಲಿಲ್ಲ ಅಂತಲ್ಲ. ಆದರೆ ಸುಳಿವು ಹಿಡಿದು ದೂರ ಸರಿಯುವ ಬಾಳುವೆ ಇತ್ತು. ಆ ಸುಳಿವನ್ನೇ ಪೊದೆ ನುಂಗಿತು.

ಹಾಗಾಗಿ, ಅದೂ ಒಂದು ಜೀವ, ಬಾಳಲಿ ಬಿಡಿ ಎಂಬ ಮಾತಿಗೆ ನಾವು ತಲೆದೂಗಲಾರೆವು. ದಯೆಯ ಮಾತನ್ನು ದೂರದಲ್ಲಿ ಕೂತು ಆಡುವುದು ಸುಲಭ. ಲಂಟಾನಕ್ಕೆ ಮನಸ್ಸಿಲ್ಲ, ದುರುದ್ದೇಶವಿಲ್ಲ, ಅದನ್ನು ಶತ್ರು ಅನ್ನುವುದು ಬರೀ ರೋಷ. ಆದರೆ ತಪ್ಪಿಲ್ಲದ್ದನ್ನೂ ಕೀಳಬೇಕಾಗುತ್ತದೆ. ಕಳೆ ಕೀಳುವ ಹೆಂಗಸು ಕಳೆಯ ಮೇಲೆ ಸಿಟ್ಟು ಮಾಡಿಕೊಂಡು ಕೀಳುವುದಿಲ್ಲ, ಪೈರು ಬೇಕು ಅಂತ ಕೀಳುತ್ತಾಳೆ. ಅದಕ್ಕೇ ಮನುಷ್ಯರನ್ನು ‘ಕಳೆ’ ಎಂದು ಕರೆಯುವ ಭಾಷಣಗಳನ್ನು ಕೇಳಿದಾಗ ನಮಗೆ ಮೈಯುರಿಯುವುದು. ಆ ಭಾಷಣಕಾರ ಜನ್ಮದಲ್ಲಿ ಒಂದು ಸಾಲು ಕಳೆ ಕಿತ್ತವನಲ್ಲ.

ಹಳೆಯ ಬೆಂಕಿಯನ್ನು ಹಾಗೇ ವಾಪಸು ತರಲೂ ಈಗ ಬರುವುದಿಲ್ಲ. ಇದನ್ನು ಸೋಲಿಗರೇ ಹೇಳುತ್ತಾರೆ. ಒಣ ಲಂಟಾನಕ್ಕೆ ಬಿದ್ದ ಕಿಡಿ ನೆಲದಲ್ಲಿ ನಿಲ್ಲುವುದಿಲ್ಲ, ಮರದ ನೆತ್ತಿಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ಈ ಒಣ ಪೊದೆಗಳೂ ಸೌದೆಯಾದವು. ಹಾಗಾದರೆ ಮೊದಲು ಕೈಯಿಂದ ಕೀಳಬೇಕು. ಬುಡವನ್ನು ಮಣ್ಣಿನಿಂದ ಎರಡು ಬೆರಳು ಕೆಳಗೆ ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡುವ ಕ್ರಮವಿದೆ. ಹಕ್ಕಿ ಮತ್ತೆ ಬೀಜ ಹಾಕುತ್ತದೆ. ಅದಕ್ಕೆ ಮೂರು ನಾಲ್ಕು ವರ್ಷ ಅದೇ ಜಾಗಕ್ಕೆ ಮತ್ತೆ ಮತ್ತೆ ಬರಬೇಕು. ಟೆಂಡರು ಹಿಡಿದವನು ಒಂದು ಸಲ ಬರುತ್ತಾನೆ, ಬಿಲ್ಲು ಮಾಡಿಸಿಕೊಂಡು ಹೋಗುತ್ತಾನೆ. ಮತ್ತೆ ಮತ್ತೆ ಬರುವವನು ಅಲ್ಲೇ ಬಾಳುವವನು ಮಾತ್ರ.

ಆ ಬಾಳುವವನನ್ನು ನಾವು ಕಾಣುವುದು ಎಲ್ಲಿ? ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರೂ ಇತರರೂ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ನೀಲಗಿರಿಯ ಗೂಡಲೂರಿನ ಕಡೆ ಬೆಟ್ಟಕುರುಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕೈಗಳು ಅದೇ ಕಡ್ಡಿಯಿಂದ ನಿಜದ ಆನೆಯಷ್ಟೇ ದೊಡ್ಡ ಆನೆಗಳನ್ನು ಕಟ್ಟಿದವು. 2021ರಲ್ಲಿ ಆ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಅಮೆರಿಕಕ್ಕೂ ಹೋದವು. ಅಮೆರಿಕದಿಂದ ಬಂದ ಗಿಡ ಆನೆಯಾಗಿ ಹಿಂದಿರುಗಿತು! ಒಳ್ಳೆಯ ಕೆಲಸ, ಕೂಲಿ ಸಿಕ್ಕಿತು, ಕೈಗೆ ಗೌರವ ಸಿಕ್ಕಿತು, ನಾವು ಜರೆಯುವುದಿಲ್ಲ. ಆದರೆ ಲಂಟಾನದ ಆನೆ ನೋಡಿ ಬೆರಗಾಗುವುದಕ್ಕೂ, ಆನೆಯ ಕಾಡಿನ ಬಗ್ಗೆ ಆ ಹೆಣೆದವನ ಮಾತು ನಡೆಯುವುದಕ್ಕೂ ನಡುವೆ ಬಹಳ ದಾರಿಯಿದೆ.

ಕಾನೂನು ಆ ದಾರಿಯನ್ನು ಕಾಗದದ ಮೇಲೆ ತೆರೆದಿದೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯಡಿ, ಸುಮಾರು 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕಿನ ಪತ್ರ ಸಿಕ್ಕಿತು. ಆ ಕಾಯಿದೆಯ ಐದನೆಯ ಕಲಮು ಕಾಡನ್ನೂ ಕಾಡುಪ್ರಾಣಿಯನ್ನೂ ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಯಾವ ಇಳಿಜಾರಿನಲ್ಲಿ ಮೊದಲು ಲಂಟಾನ ಕೀಳಬೇಕು, ಎಲ್ಲಿ ಆನೆಯ ದಾರಿ, ಕಿತ್ತ ಮೇಲೆ ಎಲ್ಲಿ ಎಷ್ಟು ತರಗುಬೆಂಕಿ ಕೊಡಬಹುದು, ಎಲ್ಲಿ ಕೊಡಲೇಬಾರದು, ಇದನ್ನು ಪೋಡಿನಲ್ಲಿ ಕೂತು ತೀರ್ಮಾನಿಸಿ ಇಲಾಖೆಗೆ ತಿಳಿಸುವ ಅಧಿಕಾರ ಅದರಲ್ಲಿದೆ. ಆ ತೀರ್ಮಾನ ಬರೆಯಲು, ಬರೆದದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರಲು ಓದಿದ ಹುಡುಗರು ಬೇಕು. ಮಳೆ ಬಿದ್ದು ನೆಲ ಮೆದುವಾದಾಗ ಬುಡ ಕೀಳುವುದು ಸುಲಭ. ಅಷ್ಟರೊಳಗೆ ಕಾಗದ ಮುಟ್ಟಿರಬೇಕು.