ಮುರಿದ ಸ್ಟಡ್ಡಿನ ಹೊಣೆ ಯಾರದು?

ತಪ್ಪಿನ ಹೊಣೆಯನ್ನು ಕೊನೆಯಲ್ಲಿ ಕೈಯಿಟ್ಟವನ ತಲೆಗೆ ಕಟ್ಟುವುದು ಲೋಕದ ರೂಢಿ. ಈ ರೂಢಿಯು ನ್ಯಾಯಸಮ್ಮತವೇ ಎಂಬುದನ್ನು ವಾಚಕರು ಒಂದು ಸಾಮಾನ್ಯ ನಿದರ್ಶನದಿಂದ ಪರಿಶೀಲಿಸಬಹುದು.

ಮೋಟಾರು ವಾಹನದ ಎಂಜಿನ್ನಿನಲ್ಲಿ ಹೊಗೆಯನ್ನು ಹೊರಗೊಯ್ಯುವ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿದಿಡುವುದು ಉಕ್ಕಿನ ಸ್ಟಡ್ಡುಗಳು. ಮೆಕ್ಯಾನಿಕನು ನಟ್ಟು ಬಿಚ್ಚುವಾಗ ಅವುಗಳಲ್ಲೊಂದು ಮುರಿಯಿತೆನ್ನೋಣ. 'ಮುರಿದವನು ನೀನೇ' ಎಂದು ಮಾಲೀಕನು ಗದರುತ್ತಾನೆ. ಆದರೆ ಆ ಮುರಿತವು ಆ ಕ್ಷಣದಲ್ಲಿಯೇ ಹುಟ್ಟಿತೇ? ವರ್ಷಗಟ್ಟಲೆ ಕಾದು ತಣಿದ ಲೋಹಕ್ಕೆ ತೇವ ತಗಲಿ ತುಕ್ಕು ಬೆಳೆದಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ಆದುದರಿಂದ ಥ್ರೆಡ್ಡಿನ ಸಂದಿಯಲ್ಲಿ ಬೆಣೆಯಂತೆ ಬಿಗಿಯುತ್ತದೆ. ಹಿಂದೆ ಗ್ರೀಸು ಸವರದೆ ಕೂಡಿಸಿದವನೂ, ಸೋರಿಕೆಯ ಸದ್ದು ಕೇಳಿಯೂ ಸುಮ್ಮನಿದ್ದ ಮಾಲೀಕನೂ ಈ ಮುರಿತದಲ್ಲಿ ಪಾಲುದಾರರೇ.

ಹಾಗಾದರೆ ಕೊನೆಯ ಕೈ ನಿರ್ದೋಷಿಯೇ? ಹಾಗೂ ಅಲ್ಲ. ಮುರಿಯುವ ಮುನ್ನ ಸ್ಟಡ್ಡು ಅನೇಕ ವೇಳೆ ಸೂಚನೆ ಕೊಡುತ್ತದೆ: ತಿರುಗುವ ಬದಲು ನುಲಿಯುತ್ತದೆ. ಆಗ ಕೈ ತಡೆದು, ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ತುಸು ಬಿಗಿದು ತುಸು ಸಡಿಲಿಸುವುದು ವಿವೇಕ. ಸೂಚನೆಯನ್ನು ಕಡೆಗಣಿಸಿದಷ್ಟು ಅಂಶ ಅವನ ತಪ್ಪು.

ಮುರಿದ ಮೇಲೆ ಬರುವುದು ಕೋಪದ ಪರೀಕ್ಷೆ. ಉಳಿದ ತುಂಡಿನಲ್ಲಿ ರಂಧ್ರ ಕೊರೆದು, ಎಕ್ಸ್‌ಟ್ರ್ಯಾಕ್ಟರನ್ನು ತೂರಿಸಿ ಸಿಟ್ಟಿನಿಂದ ತಿರುವಿದರೆ ಗಡಸು ಉಕ್ಕಿನ ಆ ಸಾಧನವೇ ಒಳಗೆ ಮುರಿದೀತು. ಅದನ್ನು ಸಾಮಾನ್ಯ ಬೈರಿಗೆ ಕೊರೆಯಲಾರದು. ಮೊದಲ ಕೇಡಿಗಿಂತ ಕೋಪ ತಂದ ಕೇಡು ಕಠಿಣವೆಂಬುದಕ್ಕೆ ಬೇರೆ ದೃಷ್ಟಾಂತ ಬೇಕೆ? ಬಲ್ಲವರು ಸ್ಟಡ್ಡಿನೊಡನೆ ಕಾದಾಡದೆ ಅದನ್ನು ಹಿಡಿದಿರುವ ಹಿಡಿತವನ್ನು ಸಡಿಲಿಸುವರು. ಒಂದು ಡಿಗ್ರಿ ಸೆಲ್ಸಿಯಸ್ ಕಾವು ಏರಿದರೆ ಉಕ್ಕು ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು ೧೨ ಪಾಲು ಹಿಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು ೨೩ ಪಾಲು. ಆದಕಾರಣ ಅಲ್ಯೂಮಿನಿಯಂ ಹೆಡ್ಡನ್ನು ಸುತ್ತಲೂ ಹದವಾಗಿ ಕಾಯಿಸಿದರೆ ರಂಧ್ರವು ಸ್ಟಡ್ಡಿಗಿಂತ ಹೆಚ್ಚು ಅಗಲವಾಗುತ್ತದೆ. ತುಂಡು ಹೊರಚಾಚಿದ್ದರೆ ಅದಕ್ಕೆ ನಟ್ಟನ್ನು ವೆಲ್ಡ್ ಮಾಡಿ ತಿರುಗಿಸುವರು. ಏನೂ ಸಾಗದಿದ್ದರೆ ನಟ್ಟನಡುವೆ ಗುರುತಿಟ್ಟು, ಸಣ್ಣ ಬೈರಿಗೆಯಿಂದ ದೊಡ್ಡದಕ್ಕೆ ಏರುತ್ತ, ಹೆಡ್ಡಿನ ಥ್ರೆಡ್ಡಿಗೆ ಗಾಯವಾಗದಂತೆ ಕೊರೆದು ತೆಗೆಯುವರು. ಸ್ಟಡ್ಡು ಅಗ್ಗದ್ದು, ಹೆಡ್ಡು ದುಬಾರಿಯದು. ಯಾವುದನ್ನು ಉಳಿಸಬೇಕೆಂಬ ಅರಿವೇ ಇಲ್ಲಿ ಮುಖ್ಯ.

ಇದಕ್ಕಿಂತ ಸುಲಭವಾದ ದಾರಿಯೊಂದುಂಟು: ತುಂಡನ್ನು ಒಳಗೇ ಬಿಟ್ಟು, ಉಳಿದ ಸ್ಟಡ್ಡುಗಳನ್ನು ಬಿಗಿದು, ಯಾರಿಗೂ ಹೇಳದೆ ಗಾಡಿಯನ್ನು ಒಪ್ಪಿಸುವುದು. ಮಾಲೀಕನಿಗೆ ಕಾಣದು. ಆದರೆ ಆ ಸಂದಿಯಿಂದ ಸೋರುವ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಒಳಗೆ ಸೇರಿದರೆ ಚಾಲಕನಿಗೆ ಮಂಪರು ಕವಿಯಬಹುದು. ಪ್ರಾಣಕ್ಕೂ ಸಂಚಕಾರ ಬರಬಹುದು. ಕಾಣದ ತಪ್ಪಿಗೆ ಕಾಣದ ವಿಷವೇ ಫಲ.

ವಾಚಕರೇ, ತಪ್ಪನ್ನು ಹಲವರಿಗೆ ಹಂಚಬಹುದು. ಕರ್ತವ್ಯವನ್ನು ಹಾಗೆ ಹಂಚಲಾಗದು. ಕಾರಣರು ಎಷ್ಟೇ ಮಂದಿಯಿರಲಿ, ಮುರಿದದ್ದು ಯಾರ ಮುಂದಿದೆಯೋ ಸರಿಪಡಿಸುವ ಭಾರ ಅವರದು. ಮಾಲೀಕನ ಕರ್ತವ್ಯ, ನಿಂದಿಸದೆ ಅದರ ಖರ್ಚನ್ನು ಹೊರುವುದು. ಕೆಲಸಗಾರನ ಕರ್ತವ್ಯ, ಮುರಿಯಬಹುದೆಂದು ಮೊದಲೇ ತಿಳಿಸಿ, ಮುರಿದರೆ ಮರೆಮಾಚದಿರುವುದು. ಹೊಸ ಸ್ಟಡ್ಡನ್ನು ಕೂಡಿಸುವಾಗ ಕಾವು ತಾಳುವ ಗ್ರೀಸನ್ನು ಸವರುವವನು ಮುಂದೆಂದೋ ಅದನ್ನು ಬಿಚ್ಚಲಿರುವ ಅಪರಿಚಿತನ ಕಷ್ಟವನ್ನು ಇಂದೇ ಕಳೆಯುತ್ತಾನೆ. ಹೆಸರು ತಿಳಿಯದವನಿಗೆ ಮಾಡುವ ಇಂಥ ಉಪಕಾರಕ್ಕೆ ಕೃತಜ್ಞತೆಯ ನಿರೀಕ್ಷೆಯಿಲ್ಲ. ಧರ್ಮವೆಂಬುದು ಅಲ್ಲಿಯೇ ಶುದ್ಧವಾಗಿ ಉಳಿದಿದೆ.