ನೀರು ಒತ್ತುವ ಕಡೆಯಿಂದ

ಶಿಗ್ಗಾವಿ ತಾಲೂಕಿನ ದುಂಡಸಿ ಸೀಮೆ ಪೂರಾ ಮಲೆನಾಡೂ ಅಲ್ಲ, ಪೂರಾ ಬಯಲುಸೀಮೆಯೂ ಅಲ್ಲ. ಇಂಥ ಅಂಚಿನ ನೆಲದಲ್ಲಿ ಮಳೆ ಬಂದು ಹೋಗಿಬಿಡುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೆಲಸ ಮನುಷ್ಯನದು. ಅದಕ್ಕೇ ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಕಡೆ ಹಳ್ಳಿಗಳ ಬದುಕು ಕೆರೆಗಳಿಗೆ ಅಂಟಿಕೊಂಡು ಬೆಳೆದಿದೆ. ಕೆರೆ ಇದ್ದಲ್ಲಿ ದುರಸ್ತಿಯೂ ಇದೆ. ಕೆಟ್ಟದ್ದನ್ನು ಸರಿಪಡಿಸುವುದು ಅಂದರೇನು ಎಂದು ಯೋಚಿಸುವವನಿಗೆ ಮಣ್ಣಿನ ಏರಿಗಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ.

ಏರಿಯ ಹೊರಬದಿಯ ಬುಡದಲ್ಲಿ ತೇವ ಕಾಣುತ್ತದೆ. ಆಮೇಲೆ ಸಣ್ಣದೊಂದು ಜಿನುಗು. ತಿಳಿನೀರು ಜಿನುಗುತ್ತಿದ್ದರೆ ಸದ್ಯಕ್ಕೆ ಕಣ್ಣಿಟ್ಟಿದ್ದರೆ ಸಾಕು. ನೀರು ಕದಡಿ ಕೆಂಪಾಗಿ ಬಂತೋ, ಏರಿಯೊಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದು ಅರ್ಥ. ಏಡಿ ತೋಡಿದ ಬಿಲವೋ, ಹೆಗ್ಗಣದ ದಾರಿಯೋ, ಏರಿಯ ಮೇಲೆ ಬೆಳೆದು ಸತ್ತ ಗಿಡದ ಬೇರು ಕೊಳೆತ ಜಾಡೋ ಒಳಗೊಳಗೇ ದೊಡ್ಡದಾಗುತ್ತಿರುತ್ತದೆ. ಅವಸರದವರು ತೇವ ಕಂಡಲ್ಲೇ ಒಂದಿಷ್ಟು ಮಣ್ಣು ಬಡಿದು ಹೋಗುತ್ತಾರೆ. ಎರಡು ದಿನ ಒಣಗಿದಂತೆ ಕಾಣುತ್ತದೆ. ಹಿಂದಿನಿಂದ ಕೆರೆಯಷ್ಟು ನೀರು ಒತ್ತುತ್ತಿರುವಾಗ ಆ ಮಣ್ಣು ನಿಲ್ಲುವುದಾದರೂ ಹೇಗೆ? ಬಿಲದ ಬಾಯಿ ಇರುವುದು ನೀರಿನ ಬದಿಯಲ್ಲಿ. ನೀರಿಗಿಳಿದು, ಬಾಯಿ ಹುಡುಕಿ, ಜೇಡಿಮಣ್ಣು ತುಂಬಿ ತುಳಿದರೆ ಮಾತ್ರ ಅದು ಕಟ್ಟಿಕೊಳ್ಳುತ್ತದೆ. ತೊಂದರೆ ಕಾಣಿಸುವ ಜಾಗ ಬೇರೆ, ಅದು ಒತ್ತುವ ಜಾಗ ಬೇರೆ.

ನಮ್ಮ ಹಳಬರಿಗೆ ಇನ್ನೂ ಒಂದು ವಿಷಯ ಗೊತ್ತಿತ್ತು. ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಅದನ್ನು ಕಾದು ದುರಸ್ತಿ ಮಾಡುವವರಿಗೆ ಬಿಟ್ಟ ಭೂಮಿ ಮತ್ತು ಆದಾಯ ಅದು. ಕೆಡುವುದಕ್ಕೆ ಮೊದಲೇ ದುರಸ್ತಿಯ ಖರ್ಚು ಎತ್ತಿಟ್ಟಿದ್ದರು. ಇದೆಂಥ ವಿವೇಕ! ಇಂದು ಕೆರೆಗೆ ಹಣ ಬರುವುದು ಹೆಚ್ಚಾಗಿ ಒಂದು ಯೋಜನೆಯ ಹೆಸರಿನಲ್ಲಿ. ಹೂಳು ಎತ್ತುತ್ತಾರೆ, ತೂಬು ಸರಿಮಾಡುತ್ತಾರೆ, ಕೋಡಿಗೆ ಕಾಂಕ್ರೀಟ್ ಹಾಕುತ್ತಾರೆ, ಯೋಜನೆ ಮುಗಿಯುತ್ತದೆ. ಮುಂದಿನ ಮಳೆಯ ಹೂಳಿಗೆ ಯಾರೂ ವಾರಸುದಾರರಿಲ್ಲ. ಮತ್ತೆ ಹಳಬರ ಕಡೆಗೇ ಬಂದರೆ, ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ವಿಜಯನಗರ ಕಾಲದ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಹೇಳುತ್ತದೆ. ಏರಿಯಿಂದ ನೀರು ಸೋರುವುದು ಒಂದು ದೋಷ, ಸರಿ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವಂತೆ! ಮಣ್ಣು, ನೀರುಗಳ ಲೆಕ್ಕದ ಜೊತೆಗೇ ಮನುಷ್ಯರ ಜಗಳವನ್ನೂ ಇಟ್ಟು ನೋಡಿದ ಆ ಕಣ್ಣಿಗೆ ನಾನು ಕೈಮುಗಿಯುತ್ತೇನೆ.

ಇಷ್ಟನ್ನು ಹೇಳಿದ್ದು ಕೆರೆಗಾಗಿ ಮಾತ್ರವಲ್ಲ. ಪಕ್ಕದ ಸವಣೂರಿನಲ್ಲಿ 2010ರ ಜುಲೈಯಲ್ಲಿ ನಡೆದದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ತಲೆಮಾರುಗಳಿಂದ ಊರಿನ ಮಲ ಬಾಚುತ್ತ ಬಂದ ಭಂಗಿ ಸಮುದಾಯದ ಜನ, ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಕಚೇರಿಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ಅಂದು ನಾಡು ಬೆಚ್ಚಿತು. ಮಂತ್ರಿಗಳು, ಅಧಿಕಾರಿಗಳು, ಮಠಾಧೀಶರು, ಸಾಹಿತಿಗಳು ಮಾತಾಡಿದರು.

ಆದರೆ ಲೆಕ್ಕ ಹಾಕಿ ನೋಡಿ. ದೇವರಾಜ ಅರಸು ಅವರ ಸರಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ನಿಷೇಧಿಸಿದ್ದರು. ಅದು ದೊಡ್ಡ ಕೆಲಸ, ಇಡೀ ದೇಶಕ್ಕೆ ಮೇಲ್ಪಂಕ್ತಿ. 1993ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಎರಡು ಸಲ ಬಗೆಹರಿದ ಸಮಸ್ಯೆ 2010ರಲ್ಲಿ ಸವಣೂರಿನ ಬೀದಿಯಲ್ಲಿ ಮೈತುಂಬ ಹೊಲಸು ಮಾಡಿಕೊಂಡು ನಿಂತಿತ್ತು. ಮೂರು ವರ್ಷದ ಮೇಲೆ, 2013ರಲ್ಲಿ, ಇನ್ನೊಂದು ಕಾಯಿದೆ ಬಂತು. ಈ ಸಲ ನಿಷೇಧದ ಜೊತೆಗೆ ಪುನರ್ವಸತಿ ಎಂಬುದೂ ಕಾಯಿದೆಯ ಹೆಸರಿನಲ್ಲೇ ಸೇರಿತು. 2014ರಲ್ಲಿ ಸುಪ್ರೀಂ ಕೋರ್ಟು, ಒಳಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸತ್ತವರ ಮನೆಗೆ ಆ ಹಣ ಬೇಕೇ ಬೇಕು, ಕೊಡುವುದು ನ್ಯಾಯವೂ ಹೌದು. ಆದರೂ ಅದನ್ನು ಏರಿಸಬೇಕಾಗಿ ಬಂತು ಅಂದರೆ ಗುಂಡಿಗಿಳಿಯುವುದು ನಿಂತಿಲ್ಲ ಅಂತಲೇ ಅರ್ಥ.

ನಿಷೇಧವಾಗಲಿ, ಹಣವಾಗಲಿ ಏರಿಯ ಹೊರಬದಿಯ ಮಣ್ಣು. ಒತ್ತುವ ನೀರು ಇರುವುದು ಒಳಗಡೆ. ಇಂಥ ಕೆಲಸಕ್ಕೆ ಇಂಥ ಜಾತಿಯವನೇ ಬರಬೇಕು ಎಂಬ ನಮ್ಮ ಮನಸ್ಸಿನಲ್ಲಿ, ಮನೆಯ ಶೌಚಗುಂಡಿ ತುಂಬಿದಾಗ ಯಂತ್ರದ ಬಾಡಿಗೆಗೆ ಚೌಕಾಸಿ ಮಾಡಿ ಒಬ್ಬ ಬಡವನಿಗೆ ಐನೂರೋ ಸಾವಿರವೋ ಕೊಟ್ಟು ಇಳಿಸುವ ನಮ್ಮ ಕೈಯಲ್ಲಿ. ಬಿಲದ ಬಾಯಿ ಅಲ್ಲಿದೆ. ಅಲ್ಲಿಗಿಳಿಯುವುದು ಕಷ್ಟ, ಮೈ ಕೆಸರಾಗುತ್ತದೆ, ಫೋಟೋಕ್ಕೆ ಸಿಗುವ ಕೆಲಸವೂ ಅಲ್ಲ. ಅಧಿಕಾರಿಗಳನ್ನು ಬೈಯುವುದು ಸುಲಭ. ಬೈಯಬೇಕಾದ್ದೂ ಇದೆ. ಆದರೆ ಬೀದಿಯಲ್ಲಿ ಆ ಜನ ನೀರು ಕೇಳಿದಾಗ ಲೋಟವನ್ನು ಬೇರೆ ಇಡುವ ಮನೆಗೆ ಯಾವ ಆದೇಶವೂ ಹೋಗಿ ಕದ ತಟ್ಟಲಾರದು.

ಇನ್ನೊಂದು ಮಾತು. ಸಮಸ್ಯೆ ಬಗೆಹರಿಯಿತು ಎಂದು ಹೇಳುವ ಅಧಿಕಾರ ಯಾರದು? ಕೆರೆಯ ವಿಷಯದಲ್ಲಿ ಅದು ಬಿಲ್ಲು ಬರೆಯುವ ಗುತ್ತಿಗೆದಾರನದಲ್ಲ, ಏರಿಯ ಕೆಳಗೆ ಗದ್ದೆ ಇರುವವನದು. ಕೋಡಿ ಬಿದ್ದ ರಾತ್ರಿ ನಿದ್ದೆ ಬಾರದವನು ಅವನೇ. ಸವಣೂರಿನಂಥ ವಿಷಯದಲ್ಲಿ ಅದು ಆ ಮನೆಗಳ ಹೆಂಗಸರದು. ಮಕ್ಕಳನ್ನು ಶಾಲೆಯಲ್ಲಿ ಎಲ್ಲಿ ಕೂರಿಸಿದರು, ಬಾಡಿಗೆಗೆ ಮನೆ ಕೇಳಿದಾಗ ಏನೆಂದರು, ಓದು ಮುಗಿಸಿದ ಮಗನಿಗೆ ಪೊರಕೆ ಬಿಟ್ಟು ಬೇರೆ ಕೆಲಸ ಕೊಟ್ಟರೋ ಇಲ್ಲವೋ ಎಂಬುದು ಗೊತ್ತಿರುವುದು ಅವರಿಗೆ. 2013ರ ಕಾಯಿದೆಯ ಪ್ರಕಾರ ಮಲ ಬಾಚುವವರೆಂದು ಗುರುತಿಸಿದವರಿಗೆ ಒಮ್ಮೆ ಕೊಡುವ ನೆರವು 40,000 ರೂಪಾಯಿ. ಕೊಟ್ಟ ಮರುವರ್ಷ, ಅದರ ಮರುವರ್ಷ, ಹತ್ತು ವರ್ಷದ ಮೇಲೆ ಅವರ ಮನೆಗೆ ಹೋಗಿ ಕೂತು ವಿಚಾರಿಸುವವರು ಯಾರು, ಅದರ ಖರ್ಚು ಯಾವ ಬಾಬ್ತಿನಿಂದ ಎಂಬುದನ್ನು ಹಣ ಮಂಜೂರು ಮಾಡುವ ಆದೇಶದಲ್ಲೇ ಬರೆಯಬೇಕು, ಹಿಂದಿನವರು ಬಿತ್ತುವಟ್ಟವನ್ನು ಕಲ್ಲಿನ ಮೇಲೆ ಬರೆಸಿದಂತೆ.