ಮಗುವಿನ ಮೌನ ಶಾಂತಿಯೇ?

ಗದರಿದೊಡನೆ ಸುಮ್ಮನಾಗುವ ಮಗುವನ್ನು ಲೋಕವು ಸಂಸ್ಕಾರವಂತ ಮಗುವೆಂದು ಹೊಗಳುತ್ತದೆ. ಆದರೆ ಆ ಮೌನವು ಶಾಂತಿಯ ಫಲವೋ ಭಯದ ಫಲವೋ ಎಂದು ವಿಚಾರಿಸುವವರು ವಿರಳ. ಈ ಭೇದವನ್ನು ಅರಿಯದಿದ್ದರೆ, ಕ್ಷಮೆಯನ್ನು ಕಲಿಸಿದೆವೆಂಬ ಭ್ರಮೆಯಲ್ಲಿ ಕ್ರೋಧವನ್ನೇ ಬಿತ್ತಿದಂತಾಗುತ್ತದೆ.

ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರಕ್ಕೆ ರಚಿಸಿದ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಕರ್ಮದ ಉಪಶಮ ಮತ್ತು ಕ್ಷಯಗಳ ಅಂತರವನ್ನು ನೀರಿನ ದೃಷ್ಟಾಂತದಿಂದ ತಿಳಿಸಿದ್ದಾರೆ. ಕದಡಿದ ನೀರಿಗೆ ಕತಕ ಬೀಜ ಮೊದಲಾದುವನ್ನು ಸೇರಿಸಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ, ಇದು ಉಪಶಮ. ಆ ತಿಳಿನೀರನ್ನು ಬೇರೊಂದು ಶುದ್ಧ ಪಾತ್ರೆಗೆ ಬಗ್ಗಿಸಿದರೆ ಕೆಸರಿನ ಲೇಶವೂ ಉಳಿಯದು, ಇದು ಕ್ಷಯ. ಮೋಹವನ್ನು ಉಪಶಮಗೊಳಿಸಿ ಹನ್ನೊಂದನೆಯ ಗುಣಸ್ಥಾನಕ್ಕೇರಿದ ಮುನಿಯೂ ಅಲ್ಲಿಂದ ಇಳಿಯಲೇಬೇಕೆನ್ನುತ್ತದೆ ಸಿದ್ಧಾಂತ. ಮಹಾಸಾಧಕರ ವಿಷಯವೇ ಹೀಗಿರುವಾಗ, ಬೆದರಿಕೆಯಿಂದ ಅಡಗಿಸಿದ ಎಳೆಯ ಮನಸ್ಸಿನ ದುಃಖವು ಕರಗಿಹೋಯಿತೆಂದು ನಂಬುವುದೆಂತು?

ಆಧುನಿಕ ಮನೋವಿಜ್ಞಾನವೂ ಇದೇ ಪ್ರಶ್ನೆಯನ್ನು ಎದುರಿಸಿತು. ಒಂದು ಕಾಲದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಒಳರೋಗಿಗಳಾದ ಮಕ್ಕಳನ್ನು ಕಾಣಲು ತಾಯ್ತಂದೆಯರಿಗೆ ಅತ್ಯಲ್ಪ ಅವಕಾಶವಿತ್ತು. ಕೆಲದಿನ ಅತ್ತು ಸುಮ್ಮನಾದ ಮಗುವು ಹೊಂದಿಕೊಂಡಿತೆಂದು ವೈದ್ಯರು ತಿಳಿಯುತ್ತಿದ್ದರು. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಬಾಲಕಿಯೊಬ್ಬಳನ್ನು ಕುರಿತು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಚಲನಚಿತ್ರವೊಂದನ್ನು ಪ್ರದರ್ಶಿಸಿದರು. ಆಕೆ ಹೆಚ್ಚು ಅಳಲಿಲ್ಲ. ಆದರೆ ಮನೆಗೆ ಹೊರಟಾಗ ತಾಯಿಯ ಕೈ ಹಿಡಿಯಲು ಒಪ್ಪಲಿಲ್ಲ. ಅನೇಕ ವೈದ್ಯರು ಮೊದಲು ಈ ಚಿತ್ರವನ್ನು ಆಕ್ಷೇಪಿಸಿದರು. 1959ರಲ್ಲಿ ಪ್ಲಾಟ್ ಸಮಿತಿಯು ಮಕ್ಕಳ ಭೇಟಿಗೆ ಇದ್ದ ನಿರ್ಬಂಧಗಳನ್ನು ತೆಗೆಯುವಂತೆ ಶಿಫಾರಸು ಮಾಡಿತು.

ತಳದಲ್ಲಿ ಉಳಿದ ಕೆಸರು ಪ್ರೌಢ ಜೀವನದಲ್ಲಿ ಕದಡಬಹುದು. ಪತ್ನಿಯ ಸಣ್ಣ ಮಾತಿಗೆ ಉರಿದೇಳುವ ಸಜ್ಜನ, ಯಾರ ಮುಂದೆಯೂ ಕಣ್ಣೀರು ತೋರದೆ ಒಳಗೇ ಬೇಯುವ ಗೃಹಿಣಿ ಎಲ್ಲ ಮನೆತನಗಳಿಗೂ ಪರಿಚಿತರು. ಹಾಗೆಂದು ಬಾಲ್ಯವೇ ವಿಧಿಯಲ್ಲ. ಅಮೆರಿಕದ ಮೇರಿ ಮೇನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಭರವಸೆಯನ್ನಿತ್ತಿತು. ಕಹಿ ಬಾಲ್ಯವನ್ನು ಕಂಡವರಲ್ಲಿಯೂ, ಅದನ್ನು ಮರೆಮಾಚದೆ, ಸುಳ್ಳು ಬಣ್ಣ ಬಳಿಯದೆ, ಸಮಚಿತ್ತದಿಂದ ಹೇಳಬಲ್ಲವರ ಮಕ್ಕಳು ಅವರ ಆಸರೆಯಲ್ಲಿ ನಿಶ್ಚಿಂತರಾಗಿರುವುದು ಕಂಡುಬಂದಿತು. ಪಡೆದ ಗಾಯಕ್ಕೆ ಮಗುವು ಹೊಣೆಯಲ್ಲ. ಅದನ್ನು ಮುಂದಿನ ಪೀಳಿಗೆಗೆ ದಾಟಿಸದಿರುವ ಹೊಣೆ ಮಾತ್ರ ಬೆಳೆದವನದೇ. ಪುರುಷಾರ್ಥಕ್ಕೆ ಎಡೆಯಿರುವುದು ಇಲ್ಲಿಯೇ.

ಇದರಿಂದ ಶಿಸ್ತು ಬೇಡವೆಂದಾಗದು. 'ತಮ್ಮನನ್ನು ಹೊಡೆಯಬಾರದು' ಎಂಬುದು ಅಹಿಂಸೆಯ ಪಾಠ. 'ನಿನಗೆ ಸಿಟ್ಟೇ ಬರಬಾರದು' ಎಂಬುದು ಮನಸ್ಸನ್ನು ಮುಚ್ಚಿಡುವ ಪಾಠ. ಸಿಟ್ಟು ಬಂದುದೇಕೆಂದು ತಾಳ್ಮೆಯಿಂದ ಕೇಳಿಸಿಕೊಂಡ ಮಗುವೇ ತನ್ನ ಕಷಾಯವನ್ನು ತಾನು ಕಂಡುಕೊಳ್ಳುತ್ತದೆ. ಕಾಣದ ಕಷಾಯವನ್ನು ಗೆಲ್ಲುವ ಬಗೆಯಿಲ್ಲ.

ದಶಲಕ್ಷಣ ಪರ್ವದ ಕೊನೆಗೆ ಬರುವ ಕ್ಷಮಾವಣಿಯಂದು ಶ್ರಾವಕರು ಬಂಧುಮಿತ್ರರ ಕ್ಷಮೆ ಯಾಚಿಸುತ್ತಾರೆ. ಕಿರಿಯರು ಹಿರಿಯರಿಗೆ ಕೈಮುಗಿಯುತ್ತಾರೆ. ಸಕಲ ಜೀವಿಗಳಿಗೂ ಸಲ್ಲುವ ಆ ಯಾಚನೆಯಿಂದ ಮನೆಯ ಮಗುವೊಂದನ್ನೇ ಹೊರಗಿಡಲು ಕಾರಣವಿಲ್ಲ. ಅಕಾರಣವಾಗಿ ಗದರಿದ ತಂದೆಯು ಮಗುವಿನ ಬಳಿ ಕುಳಿತು ಕ್ಷಮೆ ಕೇಳಿದರೆ, ಅವನ ಗೌರವಕ್ಕೆ ಕುಂದಿಲ್ಲ. ಮಗುವಿಗೆ ಕ್ಷಮೆಯ ಅರ್ಥವು ಅಂದೇ ತಿಳಿದೀತು.